ನೀರಂಚಿನ ಜೋಳದ ದಂಟು

ಮೊನ್ನೆ ಕೊಪ್ಪಳದ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕಿದರು. ಕಾದ ಡಾಂಬರಿನ ವಾಸನೆ ಅಡುಗೆಮನೆಯವರೆಗೂ ಬಂತು. ಸೊಸೆ ಕಿಟಕಿ ಮುಚ್ಚಲು ಹೋದಳು, ಬೇಡ ಎಂದೆ. ಅದು ಡಾಂಬರು ಬಳಿದ ಹರಿಗೋಲಿನ ತಳದ ವಾಸನೆ... ಇಷ್ಟು ವರ್ಷವಾದರೂ ಅದಕ್ಕೆ ನನ್ನ ಮೈ ಹೆದರುತ್ತದೆ.

ಆಗ ನನಗೆ ಇಪ್ಪತ್ತೆರಡು. ಕಾನ್ವೆಂಟಿನಲ್ಲಿ ಓದಿ, ಗಂಗಾವತಿ ಕಡೆಯ ಹೊಳೆದಂಡೆಯ ಊರಿಗೆ ಇಂಗ್ಲಿಷ್ ಟೀಚರಾಗಿ ಬಂದಿದ್ದೆ. ಮನೆ ಈ ದಂಡೆ, ಶಾಲೆ ಆ ದಂಡೆ, ನಡುವೆ ತುಂಗಭದ್ರೆ. ದಾಟಿಸುತ್ತಿದ್ದವರು ಹರಿಗೋಲಿನ ಅಜ್ಜ. ಡ್ಯಾಮ್ ಕಟ್ಟುವಾಗ ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸ ಮಾಡಿ ಅವರ ಎರಡೂ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯುತ್ತಿದ್ದರು.

ಮಳೆಗಾಲದಲ್ಲಿ ಅವರದೊಂದು ಸ್ಟ್ರಿಕ್ಟ್ ರೂಲ್. ನೀರಂಚಿಗೆ ಸರಿಯಾಗಿ ಜೋಳದ ದಂಟೊಂದನ್ನು ಚುಚ್ಚಿ, ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವುದು. ಅದು ಮುಗಿಯುವಷ್ಟರಲ್ಲಿ ನೀರು ದಂಟನ್ನು ಏರಿದರೆ, ಮೇಲೆ ಡ್ಯಾಮಿನ ಗೇಟು ಎತ್ತಿದ್ದಾರೆ ಅಂತ ಲೆಕ್ಕ. ಆವತ್ತು ಹರಿಗೋಲು ಇಳಿಯುತ್ತಿರಲಿಲ್ಲ. ಅಜ್ಜನ ಬಾಯಿ ಕೆಂಪಾಗದೆ ನಮಗೆ ಸಾಲಿ ಇಲ್ಲ ಎಂದು ಮಕ್ಕಳು ನಗುತ್ತಿದ್ದರು. ಗೇಟು ಎತ್ತುವ ಮುಂಚೆ ಸೈರನ್ ಕೂಗುತ್ತಿತ್ತು. ಪಡುವಣ ಗಾಳಿ ಇದ್ದರೆ ನಮ್ಮ ದಂಡೆಗೂ ಸಣ್ಣಗೆ ಕೇಳುತ್ತಿತ್ತು. ಅಜ್ಜನಿಗೆ ಕೇಳದು. ಅದಕ್ಕೆ ದಂಟು ಚುಚ್ಚಿದ ಮೇಲೂ ನಮ್ಮನ್ನು ವಿಚಾರಿಸುತ್ತಿದ್ದರು.

ಅಂದು ಶಾಲೆಯಲ್ಲಿ ಇನ್‌ಸ್ಪೆಕ್ಷನ್. ಮಕ್ಕಳೆಲ್ಲ ಮೊದಲೇ ದಾಟಿ ಹೋಗಿದ್ದರು, ನಾನು ಆಗಲೇ ಲೇಟು. ಪಂಕ್ಚುಯಾಲಿಟಿ ಎಂದರೆ ನಮ್ಮ ಕಾನ್ವೆಂಟಿನ ಸಿಸ್ಟರುಗಳಿಗೆ ದೇವರಿಗೆ ಸಮ, ನನಗೂ ಹಾಗೇ. ಅಜ್ಜ ಆಗಷ್ಟೇ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟಿದ್ದರು. ಗಾಳಿಯಲ್ಲಿ ಏನೋ ಎಳೆಯಂತೆ ತೇಲಿ ಬಂತು... ಏನೋ ಅಲ್ಲ, ಸೈರನ್ನೇ.

"ಅಕ್ಕೋರ, ಸೈರನ್ ಕೇಳಸ್ತೇನ್ರಿ?"

"ಇಲ್ಲಜ್ಜ. ಲಗೂ ನಡೀರಿ."

ಅವರು ನನ್ನ ತುಟಿ ನೋಡಿದರು. ದಂಟಿನ ಕಡೆ ಒಮ್ಮೆ ನೋಡಿದರು. "ಸಾಲಿ ಕಲಸೋರು ನೀವು. ನೀವ್ ಹೇಳಿದ್ಮ್ಯಾಲೆ ಆತು ಬಿಡ್ರಿ" ಎಂದು ಬಾಯೊಳಗಿನ ಎಲೆ ಉಗುಳಿ ಎದ್ದರು.

ನಡುಹೊಳೆಗೆ ಬಂದಾಗ ನೀರಿನ ಬಣ್ಣ ಬದಲಾಯಿತು. ನೊರೆ, ಕಸಕಡ್ಡಿ, ಬೇರುಸಮೇತ ಕಿತ್ತ ಜೊಂಡು. ಆಮೇಲೆ ಸದ್ದು. ದಿನಾ ಕಾಣುತ್ತಿದ್ದ ಬಂಡೆಗಳು ಒಂದೊಂದಾಗಿ ಮುಳುಗಿದವು. ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ನಾನು ಎದ್ದು ನಿಂತುಬಿಟ್ಟೆ.

"ತಳಕ್ಕ ಕುಂಡರ್ರಿ, ಅಕ್ಕೋರ. ನೀರ್ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ."

ಅವರ ಮುಖ ನೋಡುವುದೊಂದೇ ನನ್ನಿಂದ ಆಗಲಿಲ್ಲ. ಡಾಂಬರಿನ ತಳಕ್ಕೆ ಮುಖ ಒತ್ತಿ ಮಲಗಿದೆ. ಅಜ್ಜ ಸೆಳವಿಗೆ ಎದುರು ಹೋಗದೆ, ಅದರ ಜೊತೆಗೇ ಓರೆಯಾಗಿ ದಂಡೆಯತ್ತ ಹುಟ್ಟು ಹಾಕಿದರು. ಬಂಡೆಗೆ ಬಡಿದು ಹುಟ್ಟು ಮುರಿಯಿತು. ಕೊನೆಗೆ ಒಂದು ಜಾಲಿಮರಕ್ಕೆ ಸಿಕ್ಕಿಕೊಂಡೆವು. ಮೀನು ಹಿಡಿಯುವವರು ಹಗ್ಗ ಎಸೆದು ಎಳೆದರು. ಹರಿಗೋಲು ಮಾತ್ರ ಖಾಲಿಯಾಗಿ ತಿರುಗುತ್ತಾ ಹೋಯಿತು...

ದಂಡೆಯಲ್ಲಿ ಊರವರು ಸೇರಿದ್ದರು. ಊರಿಗೆಲ್ಲ ಸೈರನ್ ಕೇಳಿದೆ, ನಿನಗೆ ಯಾರೂ ಹೇಳಲಿಲ್ಲವೇ ಎಂದು ಹಿರಿಯರೊಬ್ಬರು ಅಜ್ಜನನ್ನು ಕೈಸನ್ನೆ ಮಾಡಿ ಗದರಿದರು. ಅಜ್ಜ ನನ್ನ ತುಟಿಯನ್ನೇ ನೋಡುತ್ತಾ ನಿಂತರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವರಿಗೆ ಅಷ್ಟು ಸಾಕಾಯಿತು.

"ಕೇಳೂದು ಮರತ್ನೆಪ್ಪ," ಎಂದರು ಊರವರ ಕಡೆ ತಿರುಗಿ. "ಅಕ್ಕೋರದೇನೂ ತಪ್ಪಿಲ್ಲ."

ಮರುದಿನದಿಂದ ಅವರ ಕೈಗೆ ಯಾರೂ ಹರಿಗೋಲು ಕೊಡಲಿಲ್ಲ. ಸಾಯಂಕಾಲ ಸುಮ್ಮನೆ ದಂಟು ಚುಚ್ಚಿ ಕೂತಿರುತ್ತಿದ್ದರು. ನಾನು ದೂರದಿಂದ ನೋಡಿ, ಟ್ರಾನ್ಸ್‌ಫರ್ ತೆಗೆದುಕೊಂಡು ಯಲಬುರ್ಗಾಕ್ಕೆ ಹೋದೆ. ಎರಡು ಸಲ ಕಾಗದ ಬರೆದು ಹರಿದೆ. ಅವರಿಗೆ ಓದು ಬರದು, ಊರವರೇ ಯಾರಾದರೂ ಓದಿ ಹೇಳಬೇಕಿತ್ತು... ಆ ಧೈರ್ಯವೂ ನನಗಿರಲಿಲ್ಲ. ಅವರು ತೀರಿಹೋದ ಸುದ್ದಿ ಮುಟ್ಟಿದ್ದು, ಎಷ್ಟೋ ತಿಂಗಳಾದ ಮೇಲೆ.

ನಾಡಿದ್ದು ಮೊಮ್ಮಗಳು ಫ್ರೆಂಡ್ಸ್ ಜೊತೆ ಅದೇ ಹೊಳೆಗೆ ಹರಿಗೋಲು ಹತ್ತಲು ಹೊರಟಿದ್ದಾಳೆ. ಲೈಫ್ ಜಾಕೆಟ್ ಹಾಕಿಕೋ, ನಿಲ್ಲಬೇಡ, ಹತ್ತುವ ಮುಂಚೆ ನೀರಂಚಿಗೆ ದಂಟು ಚುಚ್ಚಿ ನೋಡು ಎಂದೆ. ನಕ್ಕಳು.

"ಇದನ್ನ ಯಾರ್ ಕಲಿಸಿದ್ರು ಅಜ್ಜಿ?"

ಪಕ್ಕದಲ್ಲಿ ಕೂಡಿಸಿಕೊಂಡೆ. ಅಂದು ಸೈರನ್ ನನಗೆ ಕೇಳಿತ್ತು ಎಂದೆ. ಎದುರಿಗೆ ಯಾರೋ ತುಟಿ ನೋಡುತ್ತಾ ಕೂತಿರುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.