ಮಾವನವರ ಗಾಡಿಯ ಹಿಂದಿನ ಸೀಟು

ವಿಯೆಟ್ನಾಮಿನಲ್ಲಿ ಪೆಟ್ರೋಲ್ ಹಾಕಿಸಬೇಕಾದರೆ ಗಾಡಿಯ ಮೇಲಿದ್ದವರೆಲ್ಲ ಇಳಿಯಲೇಬೇಕು. ಅಲ್ಲಿಯ ಗಾಡಿಗಳಿಗೆ ಪೆಟ್ರೋಲ್ ಟಾಕಿ ಇರುವುದು ಸೀಟಿನ ಕೆಳಗೆ. ನಮ್ಮ ಕಡೆಯ ಬೈಕುಗಳಿಗೆ ಟಾಕಿ ಮುಂದೆ, ಓಡಿಸುವವರು ರಾಜರ ಹಾಗೆ ಕೂತಲ್ಲೇ ಕೂತು ಮುಚ್ಚಳ ತೆಗೆಯುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸ ಒಂದು ದಿನ ನನ್ನ ಜೀವ ಬಾಯಿಗೆ ತಂದೀತು ಅಂತ ನನಗೆಲ್ಲಿ ಗೊತ್ತಿತ್ತು.

ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯ ಕೆಲಸದವರು. ವಿಯೆಟ್ನಾಮಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಎರಡು ವರ್ಷ ಅಲ್ಲಿದ್ದೆವು, ಈಗ ತಿರುಗಿ ನಮ್ಮೂರು ಮೂಡಲಗಿಗೆ ಬಂದಿದ್ದೇವೆ. ಅಲ್ಲಿ ಗಾಡಿ ಅಂದರೆ ಅಡುಗೆಮನೆಯ ಸಾಮಾನಿದ್ದ ಹಾಗೆ. ಕ್ಲಚ್ಚಿಲ್ಲದ, ಕಾಲು ದಾಟಿಸಲು ಮುಂದೆ ಖಾಲಿ ಜಾಗವಿರುವ ಸಣ್ಣ ಗಾಡಿ. ಅಜ್ಜಿಯರೂ ಎರಡೂ ಕಡೆ ಕಾಲು ಹಾಕಿ ಕೂತು ಕಾಯಿಪಲ್ಯ ತರುತ್ತಾರೆ. ಮಧ್ಯಾಹ್ನ ಗಂಡಸರು ನಿಲ್ಲಿಸಿದ ಗಾಡಿಯ ಮೇಲೆಯೇ ಅಂಗಾತ ಮಲಗಿ, ಹ್ಯಾಂಡಲ್ ಮೇಲೆ ಕಾಲಿಟ್ಟು ಗೊರಕೆ ಹೊಡೆಯುತ್ತಾರೆ. ಮಳೆ ಬಂದರೆ ಇಬ್ಬರ ತಲೆ ತೂರುವ ಒಂದೇ ರೇನ್‌ಕೋಟು. ಹಿಂದೆ ಕೂತವರು ಮುಂದಿನವರ ಸೊಂಟ ಹಿಡಿಯುತ್ತಾರೆ. ಅತ್ತೆಯೋ ಸೊಸೆಯೋ ಮಾವನೋ ಯಾರೂ ಕೇಳುವುದಿಲ್ಲ. ನಾನೂ ಅಲ್ಲಿ ಚೂಡಿದಾರ ಹಾಕಿಕೊಂಡು ಗಾಡಿ ಓಡಿಸಿದವಳೇ.

ಮೂಡಲಗಿಯಲ್ಲಿ ಗಾಡಿ ಅಂದರೆ ಗಂಡಸರ ಮೀಸೆ. ಎತ್ತರ ಇರಬೇಕು, ಸಪ್ಪಳ ಮಾಡಬೇಕು, ಮುಂದೆ ಮನೆದೇವರ ಹೆಸರಿರಬೇಕು. ಬದಿಗೆ ಹಾಲಿನ ಕ್ಯಾನು, ಹಿಂದೆ ಮೇವಿನ ಹೊರೆ. ಹೊರೆ ಇಲ್ಲದ ದಿನ ಹೆಂಗಸರು. ನಾವು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಸೆರಗು ಮಡಿಲಲ್ಲಿ ಒತ್ತಿ ಹಿಡಿದು ಕೂಡುತ್ತೇವೆ. ಗಂಡನ ಹಿಂದೆಯಾದರೆ ಹೆಗಲ ಮೇಲೆ ಕೈ ಇಡಬಹುದು. ಮಾವನ ಹಿಂದೆ ಕೂತ ಸೊಸೆ ಕೈ ಇಡುವ ಹಾಗಿಲ್ಲ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತು. ಸೀಟಿನ ಹಿಂದಿನ ಕಬ್ಬಿಣ ಹಿಡಿಯಬೇಕು, ನಡುವೆ ಒಂದು ಚೀಲ ಇಡಬೇಕು.

ಆ ದಿನ ಯಮಕನಮರಡಿಯ ನನ್ನ ತವರಿಗೆ, ಅಣ್ಣನ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಯಜಮಾನರು ಕಾರ್ಖಾನೆಯಲ್ಲಿ. "ನಾ ಬಿಟ್ಟ ಬರ್ತೀನಿ ಬಾರ ಯವ್ವಾ," ಎಂದು ಮಾವನವರು ಹೆಲ್ಮೆಟ್ ಹಾಕಿಯೇಬಿಟ್ಟರು. ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಅದನ್ನೂ ಫೋನನ್ನೂ ಚೀಲಕ್ಕೆ ಹಾಕಿ, ಚೀಲದ ಹಿಡಿಯನ್ನು ಹಿಂದಿನ ಕಬ್ಬಿಣಕ್ಕೆ ಸಿಗಿಸಿ, ಮಾವನವರ ಬೆನ್ನಿಗೂ ನನಗೂ ನಡುವೆ ಗೋಡೆ ಮಾಡಿದೆ.

ಊರು ದಾಟಿದ ಮೇಲೆ ಪೆಟ್ರೋಲ್ ಪಂಪಿನಲ್ಲಿ ಗಾಡಿಗಳ ಪಾಳಿ ಇತ್ತು. ಗಾಡಿ ನಿಧಾನವಾದದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ನೆಲಕ್ಕಿಳಿದವು. ವಿಯೆಟ್ನಾಮಿನ ಚಟ. ಹೇಳದೆ ಕೇಳದೆ ನೆರಳಿಗೆ ಹೋಗಿ ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ಮಾವನವರು ಕೂತಲ್ಲೇ ಪೆಟ್ರೋಲ್ ಹಾಕಿಸಿದರು, ಮುಚ್ಚಳ ತಿರುವಿದರು, ಹೊರಟೇಬಿಟ್ಟರು. ಬೆನ್ನಿಗೆ ಚೀಲ ಆನಿಕೊಂಡೇ ಇತ್ತು.

"ಮಾವಾರ! ಮಾವಾರ!" ಎಂದು ಓಡಿದೆ. ಹೆಲ್ಮೆಟ್ಟಿನೊಳಗಿನ ಕಿವಿಗೆ ಅದು ಎಲ್ಲಿ ಕೇಳಬೇಕು. ಪೆಟ್ರೋಲ್ ಹಾಕುವವನು ನಕ್ಕ. "ಬರ್ತಾರ ಬಿಡ್ರಿ ಅಕ್ಕಾರ. ಹಿಂಗ ಭಾಳ ಮಂದಿ ಬಿಟ್ಟ ಹೊಕ್ಕಾರ." ನಾನೂ ನಕ್ಕೆ. ಮರುಗಳಿಗೆ ನಗು ಹೋಯಿತು.

ಯಾಕೆಂದರೆ ಬಹಳ ಹಿಂದೆ, ಕಲ್ಲೋಳಿಯ ಹತ್ತಿರ ರಸ್ತೆಯ ಹಂಪು ಹಾರಿಸುವಾಗ ಅತ್ತೆ ಹಿಂದಿನಿಂದ ಬಿದ್ದಿದ್ದರು. ಮಾವನವರಿಗೆ ಗೊತ್ತಾಗಿದ್ದು ಬಹಳ ದೂರ ಹೋದ ಮೇಲೆ. ಅತ್ತೆ ಇವತ್ತಿಗೂ ಕುಂಟುತ್ತಾರೆ. ಅಂದಿನಿಂದ ಹಂಪು ಬಂದಾಗೆಲ್ಲ ಮಾವನವರು ಕೇಳುತ್ತಾರೆ, "ಕುಂತೀ ಇಲ್ಲ ಯವ್ವಾ?" ನಾನು "ಹ್ಞೂಂ ರೀ" ಅನ್ನಬೇಕು. ಈಗಲೂ ಮುಂದಿನ ಹಂಪಿನಲ್ಲಿ ಅವರು ಕೇಳುತ್ತಾರೆ, ಉತ್ತರ ಬರುವುದಿಲ್ಲ. ತಿರುಗಿ ನೋಡಿದರೆ ಚೀಲ. ನಾನು ಪಂಪಿನಲ್ಲಿ ಇಳಿದದ್ದು ಅವರಿಗೆ ಗೊತ್ತೇ ಇಲ್ಲ. ಬಿದ್ದಳು ಅಂತಲೇ ತಿಳಿಯುತ್ತಾರೆ, ಅದೂ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬರುವ ಈ ರಸ್ತೆಯಲ್ಲಿ. ಹೋದ ವರ್ಷವಷ್ಟೇ ಎದೆ ಹಿಡಿದು ದವಾಖಾನೆ ಸೇರಿ ಬಂದ ಜೀವ ಅದು.

ಪಂಪಿನವನ ಫೋನಿನಿಂದ ನನ್ನ ನಂಬರಿಗೆ ಮಾಡಿದೆ. ಚೀಲದೊಳಗೆ ಬಡಿದುಕೊಂಡು ಸುಮ್ಮನಾಯಿತು. ಮಾವನವರ ನಂಬರು ಬಾಯಿಪಾಠ ಇಲ್ಲ, ಯಜಮಾನರದು ಇದೆ, ಅವರು ಎತ್ತಲಿಲ್ಲ. ನಡೆದು ಹೋಗಲೇ ಅಂದರೆ ದಾರಿಯಲ್ಲಿ ಒಬ್ಬರಿಗೊಬ್ಬರು ತಪ್ಪಿಹೋದರೆ? ಪಂಪಿನ ಬಾಯಿಗೆ ನಿಂತು ಬಸವಣ್ಣಾ, ಬಸವಣ್ಣಾ ಎನ್ನುತ್ತಿದ್ದೆ. ಸೊಂಟ ಹಿಡಿದು ಕೂಡುವ ವಿಯೆಟ್ನಾಮಿನ ಸೊಸೆಯಂದಿರ ಮೇಲೆ ಹೊಟ್ಟೆಕಿಚ್ಚಾಯಿತು. ನಮ್ಮ ಮರ್ಯಾದೆಗೆ ಬೆಂಕಿ ಬೀಳಲಿ ಅನ್ನಿಸಿತು.

ಕಡೆಗೂ ಕಂಡರು. ರಸ್ತೆಯ ತಪ್ಪು ಬದಿಯಲ್ಲಿ, ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಗಾಡಿಯನ್ನು ನಡಿಗೆಯಷ್ಟೇ ನಿಧಾನ ಮಾಡಿಕೊಂಡು ಬರುತ್ತಿದ್ದರು. ಹೆಲ್ಮೆಟ್ ಹ್ಯಾಂಡಲಿಗೆ ನೇತಾಡುತ್ತಿತ್ತು. ದಾರಿ ನೋಡುತ್ತಿರಲಿಲ್ಲ, ಬದಿಯ ತಗ್ಗು, ಜಾಲಿಯ ಕಂಟಿ, ಒಂದೊಂದನ್ನೂ ಬಗ್ಗಿ ನೋಡುತ್ತಿದ್ದರು. ನಾನು ಓಡಿ ಎದುರಿಗೆ ನಿಂತೆ. ಮಾವನವರು ಗಾಡಿ ಬಂದ್ ಮಾಡಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇಳದಿದ್ರ ಒಂದ ಮಾತ ಹೇಳಾಕ ಏನಾಗಿತ್ತ ನಿನಗ?" ಎಂದು ಗದರಿಸಿದರು. ದನಿ ಒಡೆಯಿತು. "ತಗ್ಗಿನ್ಯಾಗ ಹುಡಕಾಕತ್ತಿದ್ದೆ ಯವ್ವಾ ನಿನ್ನ."

ನನಗೆ ಅಳು ತಡೆಯಲಾಗಲಿಲ್ಲ. ಪಂಪಿನಿಂದ ನೀರು ತಂದು ಕುಡಿಸಿದೆ, ಎದೆ ನೋಯುತ್ತದೇನು ಅಂತ ಕೇಳಿದೆ. ಇಲ್ಲ ಅಂದರು. ಚೀಲವನ್ನು ಅವರೇ ಬಿಚ್ಚಿ ಮುಂದೆ ಟಾಕಿಯ ಮೇಲೆ ಇಟ್ಟುಕೊಂಡರು.

"ಹೆಗಲ ಮ್ಯಾಲ ಕೈ ಇಡು."

ಇಟ್ಟೆ. ಅಂಗಿಯೊಳಗೆ ಆ ಹೆಗಲು ಇನ್ನೂ ನಡುಗುತ್ತಿತ್ತು. ಹಂಪು ಬಂದರೂ ಈಗ ಅವರು ಕೇಳಬೇಕಾಗಿರಲಿಲ್ಲ, ಹೆಗಲ ಮೇಲೆ ಕೈ ಇತ್ತಲ್ಲ. ಯಮಕನಮರಡಿಯ ಅಂಗಡಿಗಳು ಬಂದವು, ಚಹಾ ಕುಡಿಯುತ್ತ ನಿಂತವರು ನಮ್ಮ ಕಡೆ ತಿರುಗಿದರು. ಹುಟ್ಟಿದೂರಿನ ಮಂದಿ. ನಾಚಿಕೆಯಾಗಿ ಮೆಲ್ಲಗೆ ಕೈ ತೆಗೆದೆ.

ಗಾಡಿ ಗಕ್ಕನೆ ನಿಂತಿತು. ಮಾವನವರು ಗಾಬರಿಯಿಂದ ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನು ಎಲ್ಲರೆದುರಿಗೇ ಮತ್ತೆ ಕೈ ಇಟ್ಟು, "ಇಲ್ಲೇ ಅದೀನ್ರಿ ಮಾವಾರ," ಅಂದೆ.