ಮೂರು ತೂತಿನ ಗ್ಯಾಸ್ಕೆಟ್

ದೆವ್ವ ಗಿವ್ವ ಏನೂ ಇರಲಿಲ್ಲ. ಕಾರು ರಿಪೇರಿಯ ಮೇಸ್ತ್ರಿ ಹೆದರಿದ, ದಪ್ಪ ಗ್ಯಾಸ್ಕೆಟ್ ಹಾಕಿದ, ಕಾರು ಸ್ಟಾರ್ಟ್ ಆಗಲಿಲ್ಲ. ನಡೆದದ್ದು ಇಷ್ಟೇ. ನಮ್ಮ ಗಣಿ ಲೈನಿನ ಹೆಂಗಸರು ಇವತ್ತಿಗೂ ನನ್ನ ಗಂಡನೇ ಬಂದು ಆ ಇಂಜಿನ್ನಿನೊಳಗೆ ಕೂತಿದ್ದ ಅಂತಾರೆ. ಅವರ ಬಾಯಿ, ಅವರ ಇಷ್ಟ. ಬಂದು ಕೂರುವ ಹಾಗಿದ್ದರೆ ಆ ಮಸಿಯೊಳಗೆ ಯಾಕೆ ಕೂರ್ತಾನೆ, ಮನೆಗೇ ಬರ್ತಿರಲಿಲ್ಲವಾ?

ಮೇಸ್ತ್ರಿಯ ಬಲಗೈ ತುಂಬ ನೀಲಿ ಗೀಟುಗಳು. ಹಚ್ಚೆ ಅಲ್ಲ. ಗಣಿಯೊಳಗೆ ಚರ್ಮ ಸೀಳಿದಾಗ ಕಲ್ಲಿನ ಪುಡಿ ಗಾಯದೊಳಗೇ ಉಳಿದು ಮೇಲೆ ಚರ್ಮ ಕೂಡಿಕೊಂಡರೆ ಹಾಗೆ ಆಗುತ್ತದೆ. ದಿನವೆಲ್ಲ ಗ್ರೀಸು ಮೆತ್ತಿಕೊಂಡು ಸಂಜೆ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದಾಗ ಆ ಗೀಟುಗಳು ಇನ್ನಷ್ಟು ನೀಲಿಯಾಗಿ ಏಳೋವು. ನನ್ನ ಮಗಳು ಚಿಕ್ಕವಳಿದ್ದಾಗ "ಮಾಮ, ಪೆನ್ನಲ್ಲಿ ಗೀಚ್ಕೊಂಡಿದ್ದೀಯಾ?" ಅಂತ ಎಂಜಲು ಹಚ್ಚಿ ಒರೆಸೋಕೆ ನೋಡೋಳು. ಅವನು ಕೈ ಕೊಟ್ಟುಕೊಂಡು ಸುಮ್ಮನೆ ಕೂತಿರೋನು.

ಅವನೂ ನನ್ನ ಗಂಡನೂ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಒಂದೇ ಗ್ಯಾಂಗು. ನಾವು ಕಾಮಸಮುದ್ರದ ಕಡೆ ಹಳ್ಳಿಯವರು, ಅವನು ತಮಿಳಿನವನು. ನನ್ನನ್ನ ಅಕ್ಕಾ ಅಂತಿದ್ದ, ನನಗಿಂತ ಚಿಕ್ಕವನು, ಅದಕ್ಕೇ ಏಕವಚನದಲ್ಲೇ ಬರೀತೀನಿ. ಕಲ್ಲು ತೆಗೆದ ಜಾಗದಲ್ಲಿ ಮೇಲಿನ ಬಂಡೆ ಇಳಿಯದ ಹಾಗೆ ಮರದ ಕಂಬ ಕೊಡೋದು ಅವರ ಕೆಲಸ. ಕಂಬವನ್ನ ಅಳತೆಗೆ ಕೊಯ್ದು ನಿಲ್ಲಿಸಿ, ಕಂಬದ ತಲೆಗೂ ಬಂಡೆಗೂ ನಡುವೆ ಬೆಣೆ ಬಡಿದು ಬಿಗಿ ಮಾಡಬೇಕು. ಒಂದು ದಿನ ಬಂಡೆ ಸಿಡಿಯಿತು. ನನ್ನ ಗಂಡ ಆಚೆ ಕಡೆ ಇದ್ದ, ಇವನು ಈಚೆ ಕಡೆ. ಇವನನ್ನ ಅವತ್ತೇ ಮೇಲಕ್ಕೆ ತಂದರು. ನನ್ನ ಗಂಡನನ್ನ ತರೋಕೆ ತಡವಾಯಿತು.

ಆಮೇಲೆ ಇವನು ಕೆಳಗೆ ಇಳಿಯಲಿಲ್ಲ. ಮೇಲೆ ವರ್ಕ್‌ಶಾಪಿಗೆ ಹಾಕಿದರು, ಅಲ್ಲಿ ಇಂಜಿನ್ ಕೆಲಸ ಕಲಿತ. ಗಣಿ ಮುಚ್ಚಿದ ಮೇಲೆ ರೋಡಿನ ಪಕ್ಕ, ದಿಣ್ಣೆ ಏರುವ ಜಾಗದಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಒಬ್ಬನೇ ಕಾರು ರಿಪೇರಿ ಮಾಡ್ತಿದ್ದ. ಆ ಹಗುರ ತಗಡಿಗೆ ಅವನು ಕೊಟ್ಟಿದ್ದ ಕಂಬಗಳನ್ನ ನೋಡಬೇಕಿತ್ತು. ಸಂತೆಯಲ್ಲಿ ಜನರ ನಡುವೆ ದಾರಿ ಮಾಡಿಕೊಂಡ ಹಾಗೆ ಸೊಂಟ ತಿರುಗಿಸಿಕೊಂಡು ಒಳಗೆ ಹೋಗಬೇಕು. ಒಂದೊಂದು ಕಂಬದ ತಲೆಗೂ ಬೆಣೆ, ಬೆಣೆ ಮೇಲೆ ಇನ್ನೊಂದು ಬೆಣೆ.

"ಏನ್ ಮೇಸ್ತ್ರಿ, ಮೇಲೆ ಮಾಳಿಗೆ ಕಟ್ತೀಯಾ?" ಅಂತ ಗಾಡಿ ತಂದವರು ರೇಗಿಸೋರು.

"ಆಕಾಶ ಬಿದ್ರೆ ನಿಮ್ ಗಾಡಿ ಬಚಾವಾಗ್ಲಿ ಅಂತ ಸಾರ್" ಅನ್ನೋನು. ಅವರು ನಗೋರು. ಅವನು ನಗುತ್ತಿರಲಿಲ್ಲ, ಅದನ್ನ ಯಾರೂ ನೋಡುತ್ತಿರಲಿಲ್ಲ.

ನನ್ನ ಗಂಡನ ತಿಥಿ ಮುಗಿದ ಹೊಸದರಲ್ಲಿ ನಮ್ಮ ಮನೆಗೂ ಬಂದು, ಕೇಳದೆ ಹೇಳದೆ, ತೊಲೆ ಕೆಳಗೆ ಒಂದು ಕಂಬ ಕೊಟ್ಟು ಹೋದ. ಗಣಿಯವರ ಲೈನ್ ಮನೆ ಅಂದರೆ ಎಷ್ಟು ಅಗಲ ಇರುತ್ತೆ? ಮುದ್ದೆ ತಿರುವೋಕೆ ಕೂತರೆ ಬೆನ್ನಿಗೆ ತಾಗುತ್ತದೆ. ಬೈದುಕೊಂಡೇ ಇಷ್ಟು ವರ್ಷ ಕಳೆದಿದ್ದೀನಿ. ಈಗ ಗಣಿಯೊಳಗೆಲ್ಲ ನೀರು ತುಂಬಿದೆ, ಆದರೂ ಒಂದೊಂದು ಸಲ ಕೆಳಗಿಂದ ಗುಡುಗಿದ ಹಾಗಾಗಿ ನಮ್ಮ ಪಾತ್ರೆಗಳು ನಡುಗುತ್ತವೆ. ನಮಗೆ ಅಭ್ಯಾಸ. ಅವನು ಮಾತ್ರ ಸ್ಪ್ಯಾನರ್ ಎಸೆದು ಆಚೆಗೆ ಓಡಿಬಂದು ನೆಲಕ್ಕೆ ಅಂಗೈ ಊರೋನು.

"ಕಲ್ಲು ಮಾತಾಡ್ತದೆ ಅಕ್ಕಾ."

"ಆಡ್ಕೊಳ್ಲಿ ಬುಡು. ನೀನು ಟೀ ಕುಡಿ."

ಅಳಿಯ ಇನ್ನೊಬ್ಬಳನ್ನ ಕಟ್ಟಿಕೊಂಡು ಆಂಧ್ರದ ಕಡೆ ಹೋದ ಮೇಲೆ ಮಗಳು ಮಕ್ಕಳನ್ನ ಎತ್ತಿಕೊಂಡು ನನ್ನ ಮನೆಗೆ ಬಂದಳು. ಅವಳಿಗೆ ಡ್ರೈವಿಂಗ್ ಕಲಿಸಿದ್ದು ಮೇಸ್ತ್ರಿ. ಎಂಟಾಣೆ ಬುದ್ಧಿಯ ಗಂಡಸರೆಲ್ಲ ರೋಡಲ್ಲಿ ನಿಂತು ನಗುತ್ತಿದ್ದರೂ, ಪಕ್ಕದ ಸೀಟಲ್ಲಿ ಕೂತು "ಮುಂದೆ ನೋಡಮ್ಮಾ, ಅವ್ರು ರೋಡಲ್ಲ" ಅಂತಿದ್ದ. ಹಳೆಯ ಟರ್ಬೋ ಡೀಸೆಲ್ ಕಾರೊಂದನ್ನ ಹುಡುಕಿ ಕೊಡಿಸಿದವನೂ ಅವನೇ. ಕಾಮಸಮುದ್ರದ ಸುತ್ತಲ ಹಳ್ಳಿಗಳಿಂದ ಹೆಂಗಸರನ್ನ ಕೂರಿಸಿಕೊಂಡು ಬಂಗಾರಪೇಟೆ ಹತ್ತಿರದ ಗಾರ್ಮೆಂಟ್ಸಿಗೆ ಬಿಡೋದು ಮಗಳ ಕೆಲಸ. ಗೇಟು ಮುಚ್ಚೋದರೊಳಗೆ ಸೇರಿಸಬೇಕು. ಮುಚ್ಚಿತು ಅಂದರೆ ಅವರ ಅರ್ಧ ದಿನದ ಕೂಲಿ ಹೋಯಿತು. ನಮ್ಮ ಒಲೆ ಉರಿಯೋದು ಆ ಒಂದು ಓಡಾಟದಿಂದಲೇ.

ಆ ಕಾರು ಒಂದು ದಿನ ದಾರಿಯಲ್ಲಿ ಕುದಿಯಿತು. ನೀರು ಹಾಕಿದಷ್ಟೂ ಕುಡಿಯಿತು, ಹಿಂದೆ ಬಿಳಿ ಹೊಗೆ. ಆಯಿಲ್ ನೋಡುವ ಕಡ್ಡಿ ಎಳೆದರೆ ಹಾಲು ಹಾಕಿದ ಕಾಫಿ ಬಣ್ಣ. ಮೇಸ್ತ್ರಿ ಅದನ್ನ ಬೆರಳಲ್ಲಿ ಉಜ್ಜಿ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂದ. ಹೆಂಗಸರನ್ನ ಬಿಟ್ಟು ಬರೋಕೆ ನಾವು ಪಕ್ಕದ ಲೈನಿನವರ ವ್ಯಾನು ಬೇಡಿಕೊಂಡೆವು.

ಇಂಜಿನ್ ಅಂದರೆ ಎರಡು ತುಂಡು ಅಂತ ನನಗೆ ಗೊತ್ತಾಗಿದ್ದು ಆಗಲೇ. ಕೆಳಗಿನ ತುಂಡಿನಲ್ಲಿ ಪಿಸ್ಟನ್‌ಗಳು ಏರುತ್ತಾ ಇಳಿಯುತ್ತಾ ಇರುತ್ತವೆ. ಮೇಲೆ ಮುಚ್ಚಳದ ಹಾಗೆ ಕೂರೋದು ಹೆಡ್ಡು. ಎರಡರ ನಡುವೆ ಇರುವ ತೆಳ್ಳನೆ ತಗಡು ಗ್ಯಾಸ್ಕೆಟ್. ಬೆಂಕಿಯನ್ನ, ನೀರನ್ನ, ಎಣ್ಣೆಯನ್ನ ಬೇರೆ ಬೇರೆ ಇಟ್ಟಿರೋದು ಅದೇ. ಅದು ಒಂದೇ ದಪ್ಪದಲ್ಲಿ ಬರಲ್ಲ. ಪಿಸ್ಟನ್ ಎಷ್ಟು ಮೇಲಕ್ಕೆ ಇಣುಕುತ್ತದೋ ಅಳೆದು ಅದಕ್ಕೆ ತಕ್ಕದ್ದು ಹಾಕಬೇಕು. ಅಂಚಿನಲ್ಲಿ ಒಂದು ತೂತಿದ್ದರೆ ತೆಳು, ಎರಡಿದ್ದರೆ ನಡುವಿನದು, ಮೂರಿದ್ದರೆ ದಪ್ಪ. ಕಣ್ಣಿಗೆ ಮೂರೂ ಒಂದೇ. ಮೇಸ್ತ್ರಿ ಹೆಡ್ಡನ್ನ ಲೇತಿಗೆ ಕೊಟ್ಟು ಮಟ್ಟ ಮಾಡಿಸಿದ, ಪಿಸ್ಟನ್ನುಗಳ ಮೇಲೆ ಡಯಲ್ ಇಟ್ಟು ಅಳತೆ ತೆಗೆದ, ಆಮೇಲೆ ನನ್ನನ್ನ ಕರೆದುಕೊಂಡು ಬಂಗಾರಪೇಟೆಗೆ ಸಾಮಾನು ತರೋಕೆ ಹೋದ.

ಅಂಗಡಿಯವನು ತೆಲುಗಿನವನು, ಹಳೆ ಪರಿಚಯ. ಮೊದಲು ಕಪ್ಪನೆ ರಟ್ಟಿನಂಥದೊಂದು ತಂದಿಟ್ಟ. ಮೇಸ್ತ್ರಿ ಅದನ್ನ ಬಗ್ಗಿಸಿ ನೋಡಿ ಪಕ್ಕಕ್ಕೆ ತಳ್ಳಿದ. "ಮಾಮೂಲಿ ಇಂಜಿನ್‌ಗೆ ಇದು ಸೆರಿ. ಇದು ಟರ್ಬೋ. ಗಾಳಿನ ಒತ್ತಿ ಒತ್ತಿ ತುರುಕ್ತದೆ. ಈ ರಟ್ಟು ಎಲ್ಲಿ ತಡೀತದೆ? ಸ್ಟೀಲ್ ಪದರದ್ದು ಕೊಡಿ."

"ಅಳತೆ ಎಷ್ಟು ಬಂತಯ್ಯಾ?"

ಹೇಳಿದ.

"ಅಂಗಂದ್ರೆ ಒಂದು ತೂತಿಂದು" ಅಂತ ಅಂಗಡಿಯವನು ಎತ್ತಿ ಮುಂದಿಟ್ಟ.

ಮೇಸ್ತ್ರಿ ಅದನ್ನ ಬೆಳಕಿಗೆ ಹಿಡಿದ. ಉಂಗುರಗಳ ಸುತ್ತ ಉಗುರು ಓಡಿಸಿದ. ಇಟ್ಟ. ಮತ್ತೆ ಎತ್ತಿಕೊಂಡ. ಅವನ ಹಿಂದೆ ಬಂದವರೆಲ್ಲ ಸಾಮಾನು ತಗೊಂಡು ಹೋದರು.

"ಸೀರೆ ಆರಿಸ್ತಾ ಇದ್ದೀಯೇನ್ಲಾ?" ಅಂದೆ. "ಬಿಸ್ಲು ಏರ್ತಾ ಐತೆ."

"ಮೂರು ತೂತಿಂದು ಕೊಡಿ" ಅಂದ.

"ಏಮಯ್ಯಾ, ತಲೆ ಕೆಟ್ಟಿದೆಯಾ? ಅಷ್ಟು ದಪ್ಪ ಆಕಿದ್ರೆ ಕಂಪ್ರೆಷನ್ ಬೀಳ್ತದೆ, ಒಳಗೆ ಒತ್ತಡ ಸಾಲಲ್ಲ. ಚಳಿಗೆ ಗಾಡಿ ಏಳಲ್ಲ."

"ಮೇಲಿಂದು ಬಂದು ಕೆಳಗಿಂದನ್ನ ಮುಟ್ಟಬಾರ್ದು" ಅಂದ ಮೇಸ್ತ್ರಿ. ಅಂಗಡಿಯವನಿಗೆ ಹೇಳಿದ ಹಾಗಿರಲಿಲ್ಲ. ಅಂಗಡಿಯವನು ನನ್ನ ಮುಖ ನೋಡಿದ. ನನಗೇನು ಗೊತ್ತು? ಕಟ್ಟಿಸಿಕೊಂಡು ಬಂದೆವು.

ಮಧ್ಯಾಹ್ನದ ಬಿಸಿಲಲ್ಲಿ ಕಾರು ಸ್ಟಾರ್ಟ್ ಆಯಿತು. ಮಗಳು ಕುಣಿದಳು. ಮಾರನೇ ಬೆಳಿಗ್ಗೆ ಮಂಜು ಬಿದ್ದಿತ್ತು, ಕೀ ತಿರುವಿದರೆ ಇಂಜಿನ್ ಬರೀ ಕೆಮ್ಮಿತು. ಬಿಳಿ ಹೊಗೆ ಲೈನೆಲ್ಲ ತುಂಬಿತು, ಒಳಗೆ ಟಕ್ ಟಕ್ ಅಂತ ಬಡಿತ. ಎಷ್ಟೋ ಹೊತ್ತಿಗೆ ಎದ್ದಿತು, ದಿಣ್ಣೆಯಲ್ಲಿ ತೆವಳಿತು. ಬಂಗಾರಪೇಟೆ ಸೇರುವ ಹೊತ್ತಿಗೆ ಗೇಟು ಮುಚ್ಚಿತ್ತು. ಎರಡನೇ ಸಲವೂ ಹಾಗೇ ಆದಾಗ ಆ ಹೆಂಗಸರು ಮಗಳಿಗೆ ನೇರವಾಗಿ ಹೇಳಿದರು: "ಬೇಜಾರ್ ಮಾಡ್ಕೋಬೇಡ ಕಣಕ್ಕ. ಸೋಮವಾರ ಇಂಗೇ ಆದ್ರೆ ನಾವು ಬೇರೆ ಗಾಡಿ ನೋಡ್ಕೋತೀವಿ." ಅವರದೇನೂ ತಪ್ಪಿಲ್ಲ.

ದೆವ್ವದ ಮಾತು ಹುಟ್ಟಿದ್ದು ಮೊದಲ ದಿನವೇ. ಗಣಿಯೊಳಗೆ ಸಿಕ್ಕಿಕೊಂಡವರು ಹೊರಗಿನವರಿಗೆ ಕೇಳಲಿ ಅಂತ ಪೈಪಿಗೆ ಕಲ್ಲಿಂದ ಬಡಿಯುತ್ತಾರೆ. ಲೈನಿನ ಹೆಂಗಸರಿಗೆಲ್ಲ ಅದು ಗೊತ್ತು. "ನಿಮ್ಮೆಜಮಾನ್ರೇ ಬಡೀತಾವ್ರೆ. ಬಿಸ್ಲು ಬಂದ್ರೆ ಓಯ್ತಾರೆ" ಅಂದಳು ಪಕ್ಕದ ಮನೆಯವಳು. ಅವಳಿಗೆ ಬೈದು ಕಳಿಸಿದೆ. ಆದರೆ ಮಾರನೇ ದಿನ ಕಾರು ಬಡಿದುಕೊಂಡಾಗ ನನ್ನ ಕೈಯ ಚೊಂಬಿನ ನೀರು ಚೆಲ್ಲಿತು. ಅದೂ ನಿಜ.

ಮಗಳು ಶೆಡ್ಡಿಗೆ ಹೋಗಿ ಕೂಗಾಡಿದಳು. "ಏನ್ ಆಕಿದ್ದೀಯ ಮಾಮ ಇದ್ರೊಳಗೆ? ಗಾಡಿ ಕಲ್ಸಿದ್ದೂ ನೀನೇ, ಈಗ ಒಟ್ಟೆ ಮೇಲೆ ಒಡೀತಿರೋನೂ ನೀನೇ!" ಅವನು ಬ್ಯಾಟರಿ ಅಂದ, ಡೀಸೆಲ್ ಅಂದ. ಅವಳು ಅಳುತ್ತಾ ಬಂದಳು. ಅಂಗಡಿಯವನು ಚಳಿಯ ಮಾತು ಹೇಳಿದ್ದು ನನಗೆ ನೆನಪಿತ್ತು. ನಾನು ಹೋದೆ.

ಕಂಬಗಳ ನಡುವೆ ಕೂತಿದ್ದ. ನಾನು ಟೈರಿನ ಮೇಲೆ ಕೂತೆ.

"ಅಳತೆ ತಪ್ಪು ಬಂದಿತ್ತೇನ್ಲಾ?"

"ಇಲ್ಲಕ್ಕಾ. ಸೆರಿಯಾಗೇ ಬಂದಿತ್ತು."

"ಮತ್ತೆ ಯಾಕೆ ದಪ್ಪಂದು ಆಕಿದೆ?"

ಕೈಯ ಗೀಟು ಉಜ್ಜಿಕೊಂಡ. ಆಮೇಲೆ ನೆಲಕ್ಕೆ ಹೇಳಿದ. "ಅವತ್ತು ಕಂಬ ನಿಲ್ಸಿದ್ದು ನಾನು. ಅಣ್ಣ ಕೆಳಗೆ ನಿಂತ್ಕೊಂಡು 'ಇನ್ನೊಂದು ಬೆಣೆ ಬಡಿಯೋ' ಅಂದ್ರು. ಅಳತೆ ಸೆರಿ ಇದೆ ಅಣ್ಣಾ, ಬೇಡ ಅಂದೆ. ಸರಿಯಪ್ಪಾ ಅಂತ ಆಚೆಗೆ ಓದ್ರು. ಆಮೇಲೆ ಪೈಪಲ್ಲಿ ಬಡೀತಾ ಇದ್ರು. ನಾನೂ ಈಚೆಯಿಂದ ಬಡ್ದೆ. ಅವರದು ನಿಂತೋಯ್ತು. ಅಳತೆ ಸೆರಿಯಾಗೇ ಇತ್ತಕ್ಕಾ. ತಪ್ಪಿದ್ದಿದ್ರೆ ನಾನು ನಿದ್ದೆ ಮಾಡ್ತಿದ್ದೆ. ಸೆರಿ ಇದ್ದೂ ಬಂಡೆ ಬಂತಲ್ಲಾ? ಈಗ ಡಯಲ್ ಏನು ಯೋಳಿದ್ರೂ ಕೈ ಕೇಳಲ್ಲ."

ಈ ಮಾತು ನನಗೆ ಅವತ್ತೇ ಗೊತ್ತಾಗಿದ್ದು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಬೆನ್ನಿಗೆ ಕಂಬ ನಿಲ್ಲಿಸಿ, ಇದನ್ನ ಒಬ್ಬನೇ ಹೊತ್ತುಕೊಂಡು ತಿರುಗಿದನಲ್ಲ ಅಂತ.

"ಬಂಡೆ ಏನು ನಿನ್ ಬೆಣೆ ಕೇಳಿ ಸಿಡೀತದೇನ್ಲಾ?" ಅಂದೆ. "ಅಂತಾ ಬಂಡೆಗೆ ನಿನ್ನ ಇನ್ನೊಂದು ಬೆಣೆ ಯಾವ ಲೆಕ್ಕ? ಸತ್ತೋನು ಸತ್ತ. ಅವನ ಮಗಳು ಬದುಕಬೇಕು. ಎದ್ದೇಳು. ಒಂದು ತೂತಿಂದು ತರೋಣ."

ಭಾನುವಾರ ಬೆಳಗಿನಿಂದ ನಾನು ಅಲ್ಲೇ ಕೂತೆ. ಒಂದು ಸಲ ಬಿಗಿದ ಗ್ಯಾಸ್ಕೆಟ್ ಮತ್ತೆ ಉಪಯೋಗಕ್ಕೆ ಬರಲ್ಲ. ದಪ್ಪನೆಯದನ್ನ ಕಿತ್ತು ಮೂಲೆಗೆ ಎಸೆದ, ಉಜ್ಜಿ ಒರೆಸಿದ. ಹೊಸದನ್ನ ಎರಡೂ ಕೈಯಲ್ಲಿ ಇಂಜಿನ್ನಿನ ಮೇಲೆ ಹಿಡಿದುಕೊಂಡು ನಿಂತ, ಇಳಿಸಲಿಲ್ಲ.

"ಇಳ್ಸು" ಅಂದೆ.

"ಅಕ್ಕಾ, ಆ ಹುಡುಗಿ ಇದ್ರಲ್ಲಿ ಕೂತ್ಕೋತಾಳೆ."

"ನಾನೇ ಯೋಳ್ತಾ ಇದ್ದೀನಲ್ಲ. ಇಳ್ಸು."

ಇಳಿಸಿದ. ಹೊಸ ಬೋಲ್ಟುಗಳನ್ನ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಎಲ್ಲ ಜೋಡಿಸಿ ಮುಗಿದ ಮೇಲೆ ಮಗಳು ಕೀ ತಿರುವೋಕೆ ಕೂತಳು. ಅವನು ಶೆಡ್ಡಿನ ಹಿಂದಕ್ಕೆ ಹೋಗಿ ಕಿವಿ ಮುಚ್ಚಿಕೊಂಡು ನಿಂತ. ಇಂಜಿನ್ ಎದ್ದಿತು. ನಾನು ಹೋಗಿ ಅವನ ಕೈ ಎಳೆದು ಕೆಳಗಿಳಿಸಿದೆ.

ಸೋಮವಾರ ಮಂಜಿನಲ್ಲೂ ಕಾರು ಒಂದೇ ಸಲಕ್ಕೆ ಎದ್ದಿತು. ಗೇಟು ತೆಗೆದಿರುವಾಗಲೇ ಸೇರಿದರು. ಓಡಾಟ ಉಳಿಯಿತು.

ಅಲ್ಲಿಂದ ದಿನಾ ಕಾರು ದಿಣ್ಣೆ ಏರುವ ಹೊತ್ತಿಗೆ ಮೇಸ್ತ್ರಿ ರೋಡಿಗೆ ಬಂದು ತಲೆ ತಗ್ಗಿಸಿಕೊಂಡು ನಿಲ್ಲೋನಂತೆ. ಕೈ ಎತ್ತುತ್ತಿರಲಿಲ್ಲ, ಮುಖ ನೋಡುತ್ತಿರಲಿಲ್ಲ. ಸದ್ದು ಮಾತ್ರ ಕೇಳೋನು. ಒಳಗಿದ್ದ ಹೆಂಗಸರು ಮಗಳನ್ನ ರೇಗಿಸೋರು, "ನಿಮ್ ಮಾಮ ಪೊಲೀಸ್ನಂಗೆ ಕಾಯ್ತಾವ್ನೆ ನೋಡಕ್ಕ" ಅಂತ.

ಚಳಿಗಾಲ ಮುಗಿಯುತ್ತಾ ಬಂದಿತ್ತು, ಒಂದು ದಿನ ಅವನು ರೋಡಿಗೆ ಬರಲಿಲ್ಲ. ಮಗಳು ಗಾಡಿ ನಿಲ್ಲಿಸಿ ಒಳಗೆ ಹೋಗಿ ನೋಡಿದಳು. ಒಂದು ಕಂಬಕ್ಕೆ ಒರಗಿಕೊಂಡು ಕೂತಿದ್ದನಂತೆ, ಕೈ ಮಂಡಿ ಮೇಲೆ. ಗಣಿಯ ಧೂಳು ಕುಡಿದ ಎದೆ, ಎಷ್ಟು ದಿನ ಎಳೆಯುತ್ತೆ. ಆ ದಿನ ಹೆಂಗಸರಿಗೆ ಗೇಟು ತಪ್ಪಿತು. ಯಾರೂ ಬೇರೆ ಗಾಡಿಯ ಮಾತೆತ್ತಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿ ಬಂದೆವು. ಬರುವಾಗ ಮಗಳು "ನಾಳೆ ಗಾಡಿ ತೆಗೆಯಲ್ಲ ಕಣವ್ವ" ಅಂದಳು. "ತೆಗೀತೀಯ" ಅಂದೆ.

ಮಾರನೇ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು, ಸೆರಗು ತಲೆ ಮೇಲೆ ಹಾಕಿಕೊಂಡು ದಿಣ್ಣೆ ಹತ್ತಿ ಹೋಗಿ ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಯಾಕೆ ಅಂತ ಕೇಳಬೇಡಿ, ನಿಂತೆ. ಮಂಜಿನಲ್ಲಿ ಮೊದಲು ಲೈಟು ಕಂಡಿತು, ಆಮೇಲೆ ಸದ್ದು ಬಂತು. ಮಗಳು ನಿಧಾನ ಮಾಡಿದಳು. ನಿಲ್ಲಿಸಬೇಡ, ಓಗು ಅಂತ ಕೈ ಬೀಸಿದೆ. ಕಾರು ದಾಟಿ ಹೋಯಿತು. ಸದ್ದಿನಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಅದು ಪೂರ್ತಿ ಅಡಗುವವರೆಗೆ ನಾನು ತಲೆ ಎತ್ತಲಿಲ್ಲ. ಆಮೇಲೆ ಮನೆಗೆ ಬಂದು ಮೊಮ್ಮಕ್ಕಳಿಗೆ ಉಪ್ಪಿಟ್ಟು ಮಾಡಿದೆ.