ಬಿಳಿ ಹಸುವಿನ ಕೆಳಗೆ ಕೆಂಪಿ

ಅಕ್ಕಾ, ನಿನ್ನ ಕೌದಿಯನ್ನು ಕದ್ದವಳು ನಾನು.

ಒಂದೇ ಉಸಿರಿಗೆ ಬರೆದುಬಿಟ್ಟೆ. ಇಲ್ಲವಾದರೆ ಒಲೆಯ ಮೇಲೆ ಹಾಲಿದೆ, ಬಟ್ಟೆ ಒಣಹಾಕಬೇಕು ಎಂದು ಮತ್ತೆ ಎದ್ದುಹೋಗುತ್ತಿದ್ದೆ. ಹಾಲು ಇಳಿಸಿಯಾಗಿದೆ, ಬಟ್ಟೆಯೂ ಒಣಗಿದೆ. ಮಡತ್ತುಕುಳಂನಲ್ಲಿ ನಿನ್ನ ಮಂಚದ ಮೇಲೆ ನಲವತ್ತೆಂಟು ವರ್ಷ ಇದ್ದದ್ದು ಅವ್ವ ನಿನಗೆಂದು ಹೊಲಿದ ಕೌದಿಯಲ್ಲ. ನಿನಗೆಂದು ಹೊಲಿದದ್ದು ಇಲ್ಲಿ, ಕೊಯಮತ್ತೂರಿನಲ್ಲಿ, ನನ್ನ ಬೀರುವಿನೊಳಗೆ ಬೇವಿನೆಲೆಯ ನಡುವೆ ಮಡಿಸಿ ಕೂತಿದೆ.

ಈ ಕಾಗದವನ್ನು ಸೊಸೆ ಸುಮಾ ತಿದ್ದುತ್ತಾಳೆ. ಮಂಡ್ಯದ ಹುಡುಗಿ, ತಮಿಳುನಾಡಿನಲ್ಲಿ ಬೆಳೆದು ಕನ್ನಡ ಆಡಲು ಮಾತ್ರ ಬರುತ್ತಿದ್ದ ನನಗೆ ಅರವತ್ತು ದಾಟಿದ ಮೇಲೆ ಅಕ್ಷರ ಕಲಿಸಿದವಳು ಅವಳೇ. ಒತ್ತಕ್ಷರ ತಪ್ಪಿದರೆ "ಅತ್ತೆ, ಬೆಂಚ್ ಮೇಲೆ ನಿಲ್ಲಿಸ್ತೀನಿ ನೋಡಿ" ಎಂದು ಗದರುತ್ತಾಳೆ. ಅವಳಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಮ್ಮ ಮನೆ ಇದ್ದದ್ದು ದನಗಳ ನಡುವೆ. ಧಾರಾಪುರದ ಕಡೆಯ ಒಣ ಹುಲ್ಲುಗಾವಲು, ಸುತ್ತ ಮುಳ್ಳುಬೇಲಿ, ಒಳಗೆ ನಲವತ್ತು ಕಾಂಗೇಯಂ ದನ. ಮನುಷ್ಯರು ಏಳೇ ಜನ, ಮಾತು ಕೇಳುವವರು ಮಾತ್ರ ದನಗಳೇ ಎಂದು ಅಪ್ಪ ಹೇಳುತ್ತಿದ್ದ. ನೀನು ನಾಲಿಗೆ ಮಡಿಸಿ ಸಿಳ್ಳೆ ಹಾಕಿದರೆ ಬೇಲಿಯ ಆ ಕೊನೆಯಲ್ಲಿದ್ದ ಗೂಳಿ ಕೂಡ ತಲೆ ಎತ್ತುತ್ತಿತ್ತು. ನಾನು ಸಿಳ್ಳೆ ಹಾಕಿದರೆ ಬರೀ ಗಾಳಿ, ಸ್ವಲ್ಪ ಎಂಜಲು. ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಮನೆಯಲ್ಲಿ ಮಗು ಹುಟ್ಟಿದಾಗ ಕೊಟ್ಟಿಗೆಯಲ್ಲಿ ಮೊದಲು ಹುಟ್ಟುವ ಹೆಣ್ಣುಕರು ಆ ಮಗುವಿನದು. ಕಾಂಗೇಯಂ ಕರುಗಳು ಹುಟ್ಟುವಾಗ ಕೆಂಪು, ಬೆಳೆಯುತ್ತಾ ಬೆಳ್ಳಗಾಗುತ್ತವೆ. ನನ್ನ ಬೆಳ್ಳಿ ಹಾಗೇ ಬೆಳ್ಳಗಾದಳು. ನಿನ್ನದು ಮಾತ್ರ ಬಣ್ಣ ಬಿಡದೆ ಕೆಂಪಾಗೇ ಉಳಿಯಿತು, ಕೆಂಪಿ. "ಒಡತಿ ಥರಾನೇ ಹಟಮಾರಿ" ಎಂದು ಅವ್ವ ಬೈಯುತ್ತಿದ್ದಳು. ಅವ್ವ ಎಂದರೆ ನಮ್ಮ ಅಜ್ಜಿ, ಅಪ್ಪನ ತಾಯಿ. ಮೊಮ್ಮಕ್ಕಳ ಮದುವೆಗೆ ಅವಳು ಒಂದೊಂದು ಕೌದಿ, ನಮ್ಮ ಮನೆಮಾತಿನಲ್ಲಿ ಬೊಂತೆ, ಹೊಲಿಯುತ್ತಿದ್ದಳು. ಮೊದಲು ಮೂಲೆಯಲ್ಲಿ ಆ ಮಗುವಿನ ಹಸುವನ್ನು ಬಟ್ಟೆಯಲ್ಲಿ ಕತ್ತರಿಸಿ ಕೂರಿಸುವಳು — ಕೋಡು, ಹಿಣಿಲು, ಬಾಲ ಎಲ್ಲ ಸೇರಿ ಅಂಗೈಯಗಲ. ಅಲ್ಲಿಂದ ಸುತ್ತು ಸುತ್ತಾಗಿ ಹೊಲಿಗೆ. ಹೆಣ್ಣು ಗಂಡನ ಮನೆಗೆ ಹೊರಡುವ ದಿನದವರೆಗೆ ಅದನ್ನು ಯಾರೂ ನೋಡಕೂಡದು, ಪೆಟ್ಟಿಗೆಯಲ್ಲೇ ಇರಬೇಕು.

ನೋಡಿದವಳು ನಾನೊಬ್ಬಳೇ. ಅವಳ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದಾಗಿತ್ತಲ್ಲ.

ನಿನ್ನ ಕೌದಿ ಮುಗಿಯುತ್ತಾ ಬಂದಾಗ ಅವ್ವ ತನ್ನ ಮದುವೆಯ ಗಿಳಿಹಸಿರು ಸೀರೆಯನ್ನು ಹೊರತೆಗೆದಳು. ಅದರಲ್ಲಿ ಜೀರ್ಣವಾಗದೆ ಉಳಿದಿದ್ದದ್ದು ಒಂದೇ ಒಂದು ಮೊಳ. ಅಷ್ಟನ್ನೂ ನಿನ್ನ ಕೌದಿಯ ನಡುವೆ ಇಟ್ಟಳು. ನನಗೆ? ನಾನು ಬಾಯಿ ಬಿಟ್ಟು ಕೇಳಲಿಲ್ಲ. ಎರಡು ವರ್ಷ ದಾರ ಪೋಣಿಸಿದವಳು ನಾನು, ಸೂಜಿ ಕಂಡರೆ ಓಡಿಹೋಗುವವಳು ನೀನು, ಗಿಳಿಹಸಿರು ನಿನಗೆ! ನನಗೆ ಹದಿನೈದು ವರ್ಷ, ತಿಳಿವಳಿಕೆ ಇರಲಿಲ್ಲ... ಇಲ್ಲ, ಇದು ನೆಪ. ತಿಳಿವಳಿಕೆ ಚೆನ್ನಾಗಿಯೇ ಇತ್ತು.

ನನ್ನ ಕೌದಿ ಅರ್ಧವಾಗಿದ್ದಾಗ ಅವ್ವ ತೀರಿಕೊಂಡಳು. ನಿನ್ನ ಮದುವೆಗೆ ಮೂರು ತಿಂಗಳಿತ್ತು. ಒಂದು ಮಧ್ಯಾಹ್ನ ನೀವೆಲ್ಲ ದನಗಳಿಗೆ ನೀರು ಕುಡಿಸಲು ತೊಟ್ಟಿಯ ಹತ್ತಿರ ಹೋಗಿದ್ದಿರಿ. ನಾನು ಪೆಟ್ಟಿಗೆ ತೆರೆದೆ. ಬಟ್ಟೆಯಲ್ಲಿ ಎರಡು ಹಸು ಕತ್ತರಿಸಿದೆ, ಒಂದು ಬಿಳಿ, ಒಂದು ಕೆಂಪು. ಮುಗಿದ ಕೌದಿಯಲ್ಲಿದ್ದ ನಿನ್ನ ಕೆಂಪಿಯ ಮೇಲೆ ಬಿಳಿ ಹಸುವನ್ನಿಟ್ಟು ಹೊಲಿದೆ. ಅರ್ಧ ಕೌದಿಯಲ್ಲಿದ್ದ ನನ್ನ ಬೆಳ್ಳಿಯ ಮೇಲೆ ಕೆಂಪು ಹಸು. ಹೊರಗೆ ನಿನ್ನ ಸಿಳ್ಳೆ ಕೇಳಿಸುತ್ತಲೇ ಇತ್ತು. ಸಿಳ್ಳೆ ನಿಲ್ಲುವುದರೊಳಗೆ ಮುಗಿಯಬೇಕು, ಅದೊಂದೇ ನನ್ನ ಯೋಚನೆ.

ವಾರ ಕಳೆದ ಮೇಲೆ ಅಮ್ಮ ಪೆಟ್ಟಿಗೆ ತೆರೆದು ಕೇಳಿದಳು: "ಮುಗ್ದಿರೋದು ಯಾರ್ದು ಅಮ್ಮಿಣಿ?"

"ಹಸು ನೋಡಮ್ಮಾ, ಬಿಳೀದು. ನಂದು."

ಇಷ್ಟೇ ಮಾತು. ನಾಲಿಗೆ ತಡವರಿಸಲೂ ಇಲ್ಲ.

ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. "ಮದ್ವೆ ಹೆಣ್ಣಿಗೆ ಅರ್ಧ ಬೊಂತೆ ಕೊಟ್ಟು ಕಳ್ಸಾಕಾಯ್ತದಾ? ಅವ್ವನ ಕೈವಾಟ ನಿನಗೇ ತಾನೆ ಗೊತ್ತು, ನೀನೇ ಮುಗ್ಸು. ಅವ್ಳಿಗೆ ಮಾತ್ರ ಹೇಳ್ಬ್ಯಾಡ, ಪಾವಂ, ಅತ್ತುಬಿಡ್ತಾಳೆ."

ಕಳ್ಳಿಯ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು. ಎರಡು ತಿಂಗಳು ಕೂತು ನಾನು ಆ ಅರ್ಧವನ್ನು ಮುಗಿಸಿದೆ. ಬೆರಳೆಲ್ಲ ತೂತು. ಅವ್ವನದು ಬಲಗೈ, ನನ್ನದು ಎಡಗೈ; ಅವಳ ಹೊಲಿಗೆ ಒಂದು ಕಡೆ ವಾಲಿದರೆ ನನ್ನದು ಇನ್ನೊಂದು ಕಡೆ. ಅದೂ ಡೊಂಕು. ಹೊರಡುವ ದಿನ ಅದನ್ನು ಬಿಚ್ಚಿ ನೋಡಿ ನೀನು ಗಟ್ಟಿಯಾಗಿ ಅತ್ತೆ. ಅಮ್ಮ ನಿನಗೆ ಹೇಳಿದ್ದಳು — ಕಣ್ಣು ಮಂಜಾದರೂ ಅವ್ವ ಛಲ ಬಿಡದೆ ಮುಗಿಸಿದಳು ಅಂತ. ಅಮ್ಮನ ಸುಳ್ಳು ಪ್ರೀತಿಯದು. ನನ್ನದನ್ನು ಅದರ ಪಕ್ಕ ಇಡುವುದಿಲ್ಲ.

ಆಮೇಲೆ ಶುರುವಾಯಿತು ನನಗೆ ಶಿಕ್ಷೆ, ಅದೂ ಎಂಥ ತಮಾಷೆಯ ಶಿಕ್ಷೆ! ನಿನ್ನ ಮನೆಗೆ ಯಾರೇ ಬರಲಿ — ಬೀಗರು, ಹಾಲಿನವನು, ಕರೆಂಟ್ ಮೀಟರ್ ನೋಡುವವನು — ಕಾಫಿಗಿಂತ ಮೊದಲು ಕೌದಿ ಬರುತ್ತಿತ್ತು. "ನೋಡ್ರಿ ಹೊಲಿಗೆ ಎಂಗೆ ಓಡೈತೆ! ಕಣ್ಣು ಕಾಣ್ದಿದ್ರೂ ನಮ್ಮವ್ವ ನಂಗೋಸ್ಕರ ಹೊಲ್ದವ್ಳೆ. ಅಮ್ಮಿಣಿ ಬೊಂತೆ ಅಚ್ಚುಕಟ್ಟಾಗೈತೆ, ಇಲ್ಲಾ ಅನ್ನಲ್ಲ. ಆದ್ರೆ ನಂದ್ರಾಗೆ ಉಸುರೈತೆ!" ಬೆರಳಿಟ್ಟು ತೋರಿಸುತ್ತಿದ್ದದ್ದು ನನ್ನ ಡೊಂಕು ಹೊಲಿಗೆಯನ್ನೇ. ನಾನು ಪಕ್ಕದಲ್ಲಿ ಕೂತು ಚಕ್ಕುಲಿ ಕಡಿಯುತ್ತಿದ್ದೆ. ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ. ಅಲ್ಲಿಂದೀಚೆಗೆ ನಾನು ಎಷ್ಟು ಕೌದಿ ಹೊಲಿದೆ! ತಿರುಪ್ಪೂರಿನ ಬನಿಯನ್ ಬಟ್ಟೆಯ ತುಂಡುಗಳನ್ನು ಮೂಟೆ ಮೂಟೆ ತರಿಸಿ, ಎದುರಿನ ಪಂಪ್ ವರ್ಕ್‌ಶಾಪಿನ ಲೇತಿನ ಸದ್ದು ಕೇಳುತ್ತಾ, ನೇರ ಗೆರೆಯಂಥ ಹೊಲಿಗೆ. ಯಾರೂ ಅದರಲ್ಲಿ ಉಸಿರಿದೆ ಎನ್ನಲಿಲ್ಲ.

ನಿನ್ನ ಕೌದಿಯ ಮೇಲೆ ನಾಲ್ಕು ಮಕ್ಕಳು ಹೊರಳಿದರು, ಮೊಮ್ಮಕ್ಕಳು ಉಚ್ಚೆ ಹೊಯ್ದರು, ಅದು ಒಗೆದು ಒಗೆದು ಬೆಣ್ಣೆಯಂತಾಯಿತು. ನನ್ನದು — ನಿನ್ನದು — ಹೊಸದಾಗಿಯೇ ಇದೆ. ನನ್ನ ಮದುವೆಯ ವರ್ಷ ಒಮ್ಮೆ ಹೊದೆದಿದ್ದೆ. ಗಿಳಿಹಸಿರು ಎದೆಯ ಮೇಲೆ ಬಂತು. ಎದ್ದು ಮಡಿಸಿಟ್ಟವಳು ಮತ್ತೆ ಹೊದೆಯಲಿಲ್ಲ. "ಜೋಪಾನ ಮಾಡ್ತಾ ಇದೀನಿ" ಎಂದು ನಿನಗೆ ಹೇಳುತ್ತಾ ಬಂದೆ.

ಹೋದ ತಿಂಗಳು ನೀನು ಕೌದಿಯನ್ನು ನನ್ನ ಮಡಿಲಿಗೆ ಹಾಕಿದೆ. ಮೊಮ್ಮಗಳು ಕವಿತಾಳಿಗೆ ದಿನ ತುಂಬುತ್ತಿದೆ, ಹುಟ್ಟುವ ಮಗುವನ್ನು ಮೊದಲು ಇದರ ಮೇಲೆಯೇ ಮಲಗಿಸಬೇಕು, ಅಂಚು ಹರಿದಿದೆ, ಸರಿ ಮಾಡಿಕೊಡು ಎಂದೆ. "ಅಂಚು ಮಾತ್ರ ಮುಟ್ಟು ಅಮ್ಮಿಣಿ. ಅವ್ವನ ಹೊಲಿಗೆ ಒಂದೂ ಬಿಚ್ಬ್ಯಾಡ, ಆಣೆ ಮಾಡು." ಮಾಡಿದೆ, ಅಕ್ಕಾ. ಆಣೆ ಮಾಡಿದೆ.

ಮನೆಗೆ ತಂದು ಹಾಸಿದೆ. ಸುಮಾ ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ಬಗ್ಗಿ ನೋಡಿ, "ಅತ್ತೆ, ಈ ಅರ್ಧ ನಿಮ್ದಲ್ವಾ? ಎಡಗೈ ಹೊಲಿಗೆ. ತಿರುವಿನಲ್ಲಿ ಎರಡೆರಡು ಗಂಟು ಹಾಕೋದು ನಮ್ಮನೇಲಿ ನೀವೊಬ್ಬರೇ" ಎಂದಳು. ನಲವತ್ತೆಂಟು ವರ್ಷ ಯಾರಿಗೂ ಕಾಣದ್ದು ಬೀನ್ಸ್ ಬಿಡಿಸುವವಳಿಗೆ ಕಂಡುಬಿಟ್ಟಿತು! ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು. ಮೊದಲು ನಗು ಬಂತು, ಜೋರು ನಗು. ಅದರ ಹಿಂದೆಯೇ ಅಳು. ಅವಳಿಗೆ ಎಲ್ಲ ಹೇಳಿದೆ. ಹುಡುಗಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. "ಪಾಪು ಯಾವುದರ ಮೇಲೆ ಮಲಗಬೇಕು ಅತ್ತೆ?" ಎಂದಳು. ಅಷ್ಟೇ.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ನೀನು. ಗೊತ್ತಿಲ್ಲದೆ ಹೇಗೆ ಹೇಳುತ್ತೀ?

ಇನ್ನೊಂದು ಕಳ್ಳತನವನ್ನೂ ಒಪ್ಪಿಕೊಳ್ಳುತ್ತೇನೆ. ಈ ಕಾಗದವನ್ನು ಕನ್ನಡದಲ್ಲಿ ಯಾಕೆ ಬರೆಯಲು ಕೂತೆ ಗೊತ್ತೇ? ನಿನಗೆ ಕನ್ನಡ ಓದಲು ಬರುವುದಿಲ್ಲ. ನಿನ್ನ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಕೌದಿಯೊಳಗೆ ಮಡಿಸಿ ಕಳಿಸಿದರೆ ಹೇಳಿದ ಹಾಗೂ ಆಗುತ್ತದೆ, ನೀನು ತಿಳಿಯದ ಹಾಗೂ ಇರುತ್ತದೆ — ಎಂಥ ಕಿಲಾಡಿ ಬುದ್ಧಿ! ಅರ್ಧ ಪುಟ ಬರೆದ ಮೇಲೆ ನನಗೇ ಅಸಹ್ಯವಾಯಿತು. ನಾಳೆ ಬೆಳಗ್ಗೆ ಉಕ್ಕಡದ ಬಸ್ ನಿಲ್ದಾಣದಿಂದ ಉಡುಮಲೈ ಮಾರ್ಗದ ಬಸ್ಸು ಹತ್ತಿ, ಎರಡು ಕೌದಿಯನ್ನೂ ಮಡಿಲಲ್ಲಿಟ್ಟುಕೊಂಡು ನಿನ್ನ ಜಗಲಿಗೆ ಬರುತ್ತೇನೆ. ನಾನೇ ಓದುತ್ತೇನೆ. ನಡುವೆ ನೀನು ಎದ್ದು ಒಳಗೆ ಹೋದರೂ ನಿಲ್ಲಿಸುವುದಿಲ್ಲ. ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ.

ಅಂದರೆ ಈಗ ನೀನು ಇದನ್ನು ಕೇಳುತ್ತಿದ್ದೀ, ಅಕ್ಕಾ. ಅಂಚು ಸರಿ ಮಾಡಿದ್ದೇನೆ. ಆಣೆ ಮುರಿಯಲಿಲ್ಲ. ಡೊಂಕು ಕೌದಿಯನ್ನು ನನಗೆ ಕೊಡು ಎಂದು ಕೇಳಲು ನನಗೆ ಬಾಯಿಲ್ಲ, ಅವ್ವ ನನಗೆಂದು ಹೊಲಿದ ಅರ್ಧ ಅದರಲ್ಲಿದ್ದರೂ. ಕವಿತಾಳ ಮಗುವಿಗೆ ಅದೇ ಬೇಕು ಎಂದರೆ ಅದೇ ಇರಲಿ. ಎರಡೂ ಬೇಕೆಂದರೆ ಎರಡೂ. ಯಾವುದೂ ಬೇಡ, ನೀನೂ ಬೇಡ ಎಂದರೆ, ನಾಲ್ಕು ಗಂಟೆಗೆ ವಾಪಸು ಬಸ್ಸಿದೆ.

ಈ ಹೊಸ ಕೌದಿಯನ್ನು ಬಿಡಿಸು. ಎಡಮೂಲೆ ನೋಡು, ಬಿಳಿ ಹಸು. ಇಗೋ ಕತ್ತರಿ. ಆ ಹೊಲಿಗೆ ನನ್ನದು, ಎರಡು ಗಂಟಿನದು, ಅದನ್ನು ಬಿಚ್ಚಬಹುದು. ಕೆಳಗಿರುವುದನ್ನು ಕಿತ್ತುಹಾಕಲು ಅವತ್ತು ನನಗೆ ಕೈ ಬರಲಿಲ್ಲ, ಬರೀ ಮುಚ್ಚಿದೆ. ನಲವತ್ತೆಂಟು ವರ್ಷದಿಂದ ಬಿಸಿಲು ಕಂಡಿಲ್ಲ, ಬಣ್ಣ ಮಾಸಿರಲಾರದು.

ಬಿಚ್ಚು ಅಕ್ಕಾ. ನಿನ್ನ ಕೆಂಪಿ ಒಳಗಿದ್ದಾಳೆ.